ಎಂಜಿನ್ ತಣ್ಣಗಾಗುವ ಮುನ್ನ

ನಮ್ಮ ಅತ್ತೆಯನ್ನು ಕಾರ್ಟ್ ಕ್ಲಬ್ಬಿನಲ್ಲಿ ಎಲ್ಲರೂ ‘ಎರಡನೇ ಅತ್ತೆ’ ಎಂದೇ ಕರೆಯುತ್ತಿದ್ದರು. ಹೊಸಬರು ಬಂದು, ಹಾಗಾದರೆ ಮೊದಲನೇ ಅತ್ತೆ ಎಲ್ಲಿ ಎಂದು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮೊದಲನೇ ಅತ್ತೆ ಎಂಬುವವಳು ಯಾರೂ ಇಲ್ಲ, ನನ್ನ ಅಪ್ಪನಿಗೆ ಇರುವುದೇ ಒಬ್ಬ ತಂಗಿ. ಅವಳು ಪ್ರತಿ ರೇಸಿನಲ್ಲೂ ಎರಡನೆಯವಳಾಗಿ ಬರುತ್ತಿದ್ದಳು, ಅಷ್ಟೇ. ಸಿಟ್ಟು ಬರುತ್ತಿದ್ದುದು ಅದಕ್ಕಲ್ಲ. ಅವಳು ಬೇಕೆಂದೇ ಎರಡನೆಯವಳಾಗಿ ಬರುತ್ತಿದ್ದಳು!

ಅತ್ತೆಗೆ ಐವತ್ತು ದಾಟಿದೆ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಲಾಂಡ್ರಿಗೆ ಒಯ್ದು ತರುವ ವ್ಯಾನ್ ಓಡಿಸುತ್ತಾಳೆ. ವಾರವಿಡೀ ಆ ವ್ಯಾನಿನಲ್ಲಿ ಆಮೆಯ ನಡಿಗೆ. ಆಸ್ಪತ್ರೆಯ ಗೇಟಿನೊಳಗೆ ಹಾರ್ನ್ ಸಹ ಹೊಡೆಯುವಂತಿಲ್ಲ. ಭಾನುವಾರ ಬಂತೆಂದರೆ ಹೆಲ್ಮೆಟ್ ಏರಿಸಿ ಕಾರ್ಟಿನೊಳಗೆ ಕೂರುತ್ತಾಳೆ. ಕಾರ್ಟ್ ಎಂದರೆ ಬಾಗಿಲಿಲ್ಲ, ಸ್ಪ್ರಿಂಗ್ ಇಲ್ಲ, ಗೇರಿಲ್ಲ. ನಾಲ್ಕು ಕಬ್ಬಿಣದ ಕೊಳವೆ, ನಾಲ್ಕು ಗಿಡ್ಡ ಚಕ್ರ, ಒಂದು ಸೀಟು, ಪಕ್ಕದಲ್ಲಿ ಎಂಜಿನ್. ಕೂತರೆ ನೆಲ ಗೇಣುದ್ದ ಕೆಳಗೆ. ಆ ಎತ್ತರದಿಂದ ಓಡಿಸಿ ನೋಡಿ, ಸೈಕಲ್ಲಿನ ವೇಗವೂ ವಿಮಾನದಂತೆ ಕಾಣುತ್ತದೆ. ನಾನು ಅವಳ ಸಹಾಯಕಿ. ಚೈನಿಗೆ ಎಣ್ಣೆ, ಟೈರಿಗೆ ಗಾಳಿ, ಅವಳಿಗೆ ಬೈಗುಳ, ಮೂರೂ ನನ್ನ ಖಾತೆ.

ಮೊದಮೊದಲು ಅತ್ತೆಯೂ ಟೂ-ಸ್ಟ್ರೋಕ್ ಎಂಜಿನ್ನಿಗೇ ಮರುಳಾಗಿದ್ದಳಂತೆ. ಅದರ ಕಿರುಚಾಟ ಕೇಳಿದರೆ ಈಗಲೂ ನನ್ನ ಕೈಯ ರೋಮ ನಿಮಿರುತ್ತದೆ. ಆದರೆ ಅದರ ನಖರಾ ಒಂದೆರಡಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು, ಬಿಸಿಲು ಏರಿದರೆ ಕಾರ್ಬ್ಯುರೇಟರಿನ ತಿರುಪು ತಿರುಗಿಸಬೇಕು, ನಾಲ್ಕು ರೇಸ್ ಓಡಿತೆಂದರೆ ಪಿಸ್ಟನ್ ಬಿಚ್ಚಿ ಕೂರಬೇಕು. ಒಂದು ದಿನ ಕಿರುಚಿ ಒಂದು ವಾರ ಮಲಗುವ ಎಂಜಿನ್ ತನಗೆ ಬೇಡ, ಆಸ್ಪತ್ರೆಯ ಸಹವಾಸ ಡ್ಯೂಟಿಯಲ್ಲೇ ಸಾಕಾಗಿದೆ ಎಂದು ಅವಳು ಫೋರ್-ಸ್ಟ್ರೋಕ್ ವರ್ಗಕ್ಕೆ ಬಂದಳು. ಅದು ನೀರೆತ್ತುವ ಪಂಪಿಗೆ ಹಾಕುವ ಜಾತಿಯ ಎಂಜಿನ್. ಸದ್ದು ದಪ್ಪ, ಹೊಟ್ಟೆ ಸಣ್ಣ, ಹೇಳಿದ ಮಾತು ಕೇಳುತ್ತದೆ.

ಅತ್ತೆಯ ಎಂಜಿನ್ನಿನ ಹೆಸರು ಮರಿ. ಹಳೆ ಸಾಮಾನಿನ ರಾಶಿಯಿಂದ ಎತ್ತಿ ತಂದದ್ದು. ಹೊರಗಿನ ಹೊಸ ಭಾಗ ಹಾಕಿ ಬಲ ಹೆಚ್ಚಿಸುವಂತಿಲ್ಲ ಎಂಬುದು ಕ್ಲಬ್ಬಿನ ಕಟ್ಟುನಿಟ್ಟು. ಹಾಗಾಗಿ ಇದ್ದದ್ದನ್ನೇ ಉಜ್ಜಿ, ತೀಡಿ, ವಾಲ್ವುಗಳನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ ಕೂರಿಸಿ, ವರ್ಷಗಟ್ಟಲೆ ಮುದ್ದು ಮಾಡಿ ಬೆಳೆಸಿದ್ದಳು. ರೇಸಿಲ್ಲದ ದಿನಗಳಲ್ಲಿ ಅದು ಮಂಚದ ಕೆಳಗೆ ದಪ್ಪ ಹೊದಿಕೆ ಹೊದ್ದು ಮಲಗುತ್ತಿತ್ತು. ಕನ್ನಡಕದ ಅಂಗಡಿ ಇಟ್ಟಿರುವ ಮಾವನಿಗೆ ಸದ್ದೆಂದರೆ ಆಗುವುದಿಲ್ಲ, ರೇಸಿಗೂ ಕಿವಿಗೆ ಹತ್ತಿ ತುರುಕಿಕೊಂಡೇ ಬರುತ್ತಾರೆ. ಚಳಿಗೆ ತಾವು ನಡುಗುತ್ತಿದ್ದರೂ ಹೊದಿಕೆ ಮಾತ್ರ ಎಂಜಿನ್ನಿಗೇ ಹೋಗುತ್ತದೆ ಎಂದು ಅವರು ಬಂದವರ ಮುಂದೆಲ್ಲ ದೂರುತ್ತಿದ್ದರು.

ಇನ್ನು ನಮ್ಮ ಕ್ಲಬ್ಬಿನ ಆ ಹಾಳು ಪದ್ಧತಿಯ ವಿಷಯ. ಯಾರೂ ಕದ್ದುಮುಚ್ಚಿ ಎಂಜಿನ್ನಿನಲ್ಲಿ ಕೈಚಳಕ ತೋರಿಸಬಾರದೆಂದು ಹಿರಿಯರು ಮಾಡಿಟ್ಟದ್ದು. ಫೋರ್-ಸ್ಟ್ರೋಕ್ ರೇಸಿನಲ್ಲಿ ಗೆದ್ದವರು ತಮ್ಮ ಎಂಜಿನ್ನನ್ನು ಬಿಸಿಬಿಸಿಯಾಗಿಯೇ ಬಿಚ್ಚಿ ತಗಡಿನ ಮೇಜಿನ ಮೇಲಿಡಬೇಕು. ಆ ರೇಸಿನಲ್ಲಿ ಓಡಿದವರಲ್ಲಿ ಮೊದಲು ಕೈ ಎತ್ತಿದವರು ಅದನ್ನು ತೆಗೆದುಕೊಂಡು ತಮ್ಮದನ್ನು ಬದಲಿಗೆ ಕೊಡಬಹುದು. ಗೆದ್ದವರು ಒಲ್ಲೆ ಎನ್ನುವಂತಿಲ್ಲ. ಕಾರ್ಯದರ್ಶಿ ಮೇಜಿನ ಬಳಿ ನಿಂತು ಎಂಜಿನ್ನನ್ನು ಆಗಾಗ ಮುಟ್ಟಿ ನೋಡುತ್ತಾರೆ. ಕೈ ಸುಡದಷ್ಟು ತಣ್ಣಗಾದರೆ ಅವಕಾಶ ಮುಗಿಯಿತು. ಎರಡನೇ ಸ್ಥಾನದವರ ಎಂಜಿನ್ನಿನ ತಂಟೆಗೆ ಯಾರೂ ಬರುವುದಿಲ್ಲ.

ಈಗ ತಿಳಿಯಿತಲ್ಲ? ಕೊನೆಯ ಸುತ್ತಿನ ಕೊನೆಯ ತಿರುವಿನವರೆಗೆ ಅತ್ತೆ ಮುಂದಿರುವವನ ಬೆನ್ನಿಗೆ ಅಂಟಿಕೊಂಡೇ ಬರುತ್ತಿದ್ದಳು. ಟೈರುಗಳನ್ನು ಪೇರಿಸಿಟ್ಟ ಆ ತಿರುವಿನಲ್ಲಿ ಮರಿಯ ಸದ್ದು ಒಂದು ಕ್ಷಣ ಕುಗ್ಗುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಿದ್ದಳು, ಮಹಾತಾಯಿ. ಯಾಕೆ ಎಂದು ನಾನು ಕೇಳಿದರೆ ಪ್ರತಿ ಸಲವೂ ಒಂದೇ ಉತ್ತರ.

“ಎತ್ತಲಿಲ್ಲ ಕಣೇ, ಕಾಲು ಜಾರಿತು.”

ಆ ಮುಂದಿರುವವನು ಸಾಮಾನ್ಯವಾಗಿ ನಮ್ಮ ಬೇಕರಿಯವನೇ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ದೊಡ್ಡದು. ಅವನ ಎಂಜಿನ್ ನೀಲಿ ಹೊಗೆ ಕಾರುತ್ತಿದ್ದುದರಿಂದ ನಾವು ಅದಕ್ಕೆ ಹೊಗೆಗೂಡು ಎಂದು ಹೆಸರಿಟ್ಟಿದ್ದೆವು. ಅವನು ಎಷ್ಟು ಸಲ ಗೆದ್ದರೂ ಅದಕ್ಕೆ ಕೈ ಎತ್ತುವ ಹುಚ್ಚರು ಯಾರೂ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವನು ಎಲ್ಲರ ಮುಂದೆ, ಎರಡನೇ ಅತ್ತೆ ಹಿಂದೆ ಇದ್ದರೆ ತನಗೆ ಭಾರಿ ಧೈರ್ಯ, ಅಂಗರಕ್ಷಕರು ಬಂದ ಹಾಗೆ ಎಂದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ನನಗೆ ಮಾತ್ರ ಪಿತ್ತ ನೆತ್ತಿಗೇರಿತು. ಅವಳನ್ನು ಕಾರ್ಟಿನ ಹಿಂದಕ್ಕೆ ಎಳೆದುಕೊಂಡು ಹೋದೆ.

“ಅತ್ತೆ, ಇದನ್ನ ಓಡ್ಸೋಕೆ ಕಟ್ಟಿದ್ದೋ, ಮಂಚದ ಕೆಳಗೆ ಮಲಗ್ಸೋಕೆ ಕಟ್ಟಿದ್ದೋ?”

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಹೋಗಿ ಕೂತಳು.

ಹಸಿರು ಬಾವುಟ ಬಿದ್ದದ್ದೇ ತಡ, ಇಪ್ಪತ್ತು ಕಾರ್ಟುಗಳು ಒಟ್ಟಿಗೆ ಮೊದಲ ತಿರುವಿಗೆ ನುಗ್ಗಿದವು. ಒಬ್ಬ ತಿರುಗಿ ಹುಲ್ಲಿಗೆ ಹೋದ, ಇನ್ನೊಬ್ಬನ ಚೈನು ಕಳಚಿತು. ಅತ್ತೆ ನುಸುಳಿ ನುಸುಳಿ ಬೇಕರಿಯವನ ಹಿಂದೆ ಬಂದಳು. ಸುತ್ತಿನ ಮೇಲೆ ಸುತ್ತು ಇಬ್ಬರ ನಡುವೆ ಒಂದು ಕೈ ಅಂತರ. ಕೊನೆಯ ಸುತ್ತು ಬಂತು. ಟೈರುಗಳ ತಿರುವಿಗೆ ಬಂದರು. ಸದ್ದು ಕುಗ್ಗುವುದನ್ನು ಕೇಳಲಾರದೆ ನಾನು ಕಣ್ಣು ಮುಚ್ಚಿದೆ, ಕಣ್ಣು ಮುಚ್ಚಿದರೆ ಕಿವಿ ಮುಚ್ಚುತ್ತದೆಯೋ ಎಂಬಂತೆ. ಸದ್ದು ಕುಗ್ಗಲಿಲ್ಲ! ಮರಿ ಎದೆತುಂಬಿ ಹಾಡುತ್ತಲೇ ಇತ್ತು. ಕಣ್ಣು ಬಿಟ್ಟಾಗ ಅತ್ತೆ ಒಳಗಿನಿಂದ ನುಗ್ಗಿ ಮುಂದೆ ಹೋಗಿದ್ದಳು. ನಾನು ಕುಣಿದ ಕುಣಿತಕ್ಕೆ ಮಾವನ ಕಿವಿಯ ಹತ್ತಿ ಉದುರಿತು.

ಕುಣಿತ ಮುಗಿಯುವಷ್ಟರಲ್ಲಿ ನನಗೆ ಮೇಜು ನೆನಪಾಯಿತು. ಅತ್ತೆ ಬೇರೆಯವರಿಗೆ ಮುಟ್ಟಲು ಬಿಡದೆ ತಾನೇ ಬೋಲ್ಟುಗಳನ್ನು ಬಿಚ್ಚಿ, ಮರಿಯನ್ನು ಎತ್ತಿ ತಂದು ಮೇಜಿನ ಮೇಲಿಟ್ಟಳು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಳ್ಳುವ ಮೊದಲೇ ಬೇಕರಿಯವನ ಕೈ ಮೇಲಿತ್ತು. ಎತ್ತಿದ ರಭಸಕ್ಕೆ ಅವನ ಟೋಪಿ ನೆಲಕ್ಕೆ ಬಿತ್ತು. ಅವನ ಹಿಂದೆ ಇನ್ನೂ ಆರೇಳು ಕೈಗಳು. ಅತ್ತೆ ಎಲ್ಲವನ್ನೂ ನೋಡಿದಳು. ಬೇಕರಿಯವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು.

“ತಣ್ಣಗಿದ್ದಾಗ ಜೋರು ಮಾಡ್ಬೇಡಿ. ಸ್ವಲ್ಪ ಹೊತ್ತು ಸುಮ್ನೆ ಕಾಯಿಸಿ. ಅದಕ್ಕೆ ಅಭ್ಯಾಸ ಇಲ್ಲ.”

ಮನೆಗೆ ಹೋಗುವಾಗ ವ್ಯಾನಿನ ಹಿಂಭಾಗದಲ್ಲಿ ಹೊಗೆಗೂಡು, ಮುಂದೆ ಅವಳ ತೊಡೆಯ ಮೇಲೆ ಹೊಳೆಯುವ ಕಪ್. ಯಾಕೆ ಕಾಲು ಎತ್ತಲಿಲ್ಲ ಎಂದು ಮಾವ ಕೇಳಿದರು. ಎತ್ತಬೇಕೆಂದೇ ಇದ್ದೆ, ಅದು ಅಷ್ಟು ಚೆನ್ನಾಗಿ ಹಾಡುವಾಗ ಬಾಯಿ ಮುಚ್ಚಿಸಲು ಮನಸ್ಸು ಬರಲಿಲ್ಲ ಎಂದಳು. ಅಂದು ಮಾವ ಮಂಚದ ಕೆಳಗಿನ ಹೊದಿಕೆಯನ್ನು ಮಡಿಸಿ ಕಪಾಟಿನಲ್ಲಿಟ್ಟರು. ತಾವು ಹೊದ್ದುಕೊಳ್ಳಲಿಲ್ಲ. ಅವಳನ್ನು ಎತ್ತಿಕಟ್ಟಿದ್ದು ನಾನೇ ತಾನೆ?

ಹೊಗೆಗೂಡನ್ನು ಅತ್ತೆ ಮುಟ್ಟಲೇ ಇಲ್ಲ. ಅದು ಹಿತ್ತಲ ಬಾಗಿಲ ಬಳಿ, ಕರೆಯದೆ ಬಂದ ನೆಂಟನಂತೆ ಕೂತಿತ್ತು. ಅಷ್ಟರಲ್ಲಿ ಬೇಕರಿಯವನ ಫೋನುಗಳು ಶುರುವಾದವು. ಯಾವ ಎಣ್ಣೆ ಹಾಕುತ್ತಿದ್ದಿರಿ? ಒರೆಸಲು ಹತ್ತಿ ಬಟ್ಟೆಯೇ ಆಗಬೇಕೇ? ಶೀತಕ್ಕೆ ತುಕ್ಕು ಹಿಡಿಯುವುದಿಲ್ಲವೇ? ನಾನಾಗಿದ್ದರೆ ಫೋನನ್ನು ಗೋಡೆಗೆ ಎಸೆಯುತ್ತಿದ್ದೆ. ಅತ್ತೆ ತಾಳ್ಮೆಯಿಂದ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. ಒಂದು ಸಂಜೆ ಅವಳೇ ತಿರುಗಿ, ಮರಿಯನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದಳು. ಓವನ್ನಿನ ಪಕ್ಕದ ಕೋಣೆಯಲ್ಲಿ, ಬೆಚ್ಚಗೆ, ಬೀಗ ಹಾಕಿ ಎಂದನಂತೆ. ಅತ್ತೆ ಫೋನ್ ಇಟ್ಟಳು. ಆಮೇಲೆ ಎದ್ದು, ಅಂಗಿಯ ತೋಳು ಮಡಚಿ, ಹೊಗೆಗೂಡನ್ನು ಬಿಚ್ಚಲು ಕೂತಳು.

ಒಳಗಿನ ಮಸಿ ಕೆರೆದಳು, ವಾಲ್ವುಗಳ ಅಂತರ ಸರಿಮಾಡಿದಳು. ಹೊಗೆ ಬರುವುದು ಪಿಸ್ಟನ್ನಿನ ಸವೆದ ರಿಂಗಿನಿಂದ. ಹೊಸ ರಿಂಗ್ ತಂದು ಹಾಕೋಣ, ಸವೆದದ್ದನ್ನು ಬದಲಿಸಲು ನಿಯಮದ ಅಡ್ಡಿಯಿಲ್ಲ ಎಂದು ನಾನು ಪ್ರಾಣ ತಿಂದೆ. ಅತ್ತೆ ಕೇಳಲಿಲ್ಲ.

“ಹೊಗೆ ಇರಲಿ ಬಿಡು. ಅದರ ಪಾಡಿಗೆ ಅದು,” ಎಂದಳು.

ಮುಂದಿನ ರೇಸಿನ ದಿನ ತುಂತುರು ಬಿದ್ದು ಟ್ರ್ಯಾಕ್ ಒದ್ದೆಯಾಗಿತ್ತು. ಒದ್ದೆ ನೆಲದಲ್ಲಿ ಎಂಜಿನ್ನಿನ ಬಲಕ್ಕಿಂತ ಕಾಲಿನ ಹದ ಮುಖ್ಯ. ನನ್ನ ಆಸೆ ಚಿಗುರಿತು. ಬೇಕರಿಯವನ ಜಾಗಕ್ಕೆ ಇಣುಕಿದರೆ ಮರಿಯ ಮೇಲೆ ಹೊಚ್ಚ ಹೊಸ ಬಿಳಿ ಬಟ್ಟೆ ಹೊದೆಸಿತ್ತು. ಅವನು ಎಂದಿನಂತೆ ಜೋಕು ಹೊಡೆಯಲಿಲ್ಲ. ಉಳಿದವರೆಲ್ಲ ಬಂದು ಬಂದು ಆ ಎಂಜಿನ್ನನ್ನು ಕಣ್ಣಲ್ಲೇ ನುಂಗುತ್ತಿದ್ದರು.

ಬಾವುಟ ಬಿತ್ತು. ನೇರ ದಾರಿಯಲ್ಲಿ ಮರಿ ಬಾಣದಂತೆ ಹೋಗುತ್ತಿತ್ತು, ತಿರುವುಗಳಲ್ಲಿ ಅತ್ತೆ ಹೊಗೆ ಬಿಡುತ್ತಾ ಹಿಡಿಯುತ್ತಿದ್ದಳು. ಹಿಂದಿನ ಚಕ್ರ ಜಾರಿದರೆ ಜಾರಲಿ, ಮತ್ತೆ ನುಗ್ಗುತ್ತಿದ್ದಳು. ಅವಳು ಹಾಗೆ ಓಡಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹೆಲ್ಮೆಟ್ಟಿನೊಳಗೆ ಅವಳು ಜೋರಾಗಿ ನಗುತ್ತಿದ್ದಳಂತೆ, ಆಮೇಲೆ ಹೇಳಿದಳು. ಕೊನೆಯ ಸುತ್ತಿನಲ್ಲಿ ಬೇಕರಿಯವನು ಮುಂದೆ, ಅವಳು ಹಿಂದೆ. ಟೈರುಗಳ ತಿರುವು ಬಂತು. ಮರಿಯ ಸದ್ದು ಒಂದು ಕ್ಷಣ ಕುಗ್ಗಿತು.

ಅಯ್ಯೋ, ಆ ಸದ್ದು ನನಗೆ ಗೊತ್ತಿಲ್ಲವೇ! ಅತ್ತೆಗೂ ಗೊತ್ತಿತ್ತು. ಅದು ಬರುತ್ತದೆಂದು ಕಾದೇ ಕೂತಿದ್ದಳು. ಅವನು ಕಾಲೆತ್ತುವ ಮೊದಲೇ ಒಳಗಿನ ದಾರಿಗೆ ಹೊರಳಿದ್ದಳು. ಗೆರೆ ದಾಟಿದಾಗ ಬಾವುಟದವನಿಗೆ ಕಂಡದ್ದು ನೀಲಿ ಹೊಗೆ, ಅದರ ಮುಂದೆ ಅತ್ತೆ.

ಹೊಗೆಗೂಡು ತಗಡಿನ ಮೇಜೇರಿತು. ಮೇಜಿನ ಮೇಲೂ ಅದರ ಕೊಳವೆಯಿಂದ ಹೊಗೆ ಏಳುತ್ತಿತ್ತು. ಯಾರಿಗಾದರೂ ಬೇಕೇ ಎಂದು ಕಾರ್ಯದರ್ಶಿ ಕೇಳಿದರು. ಒಬ್ಬ ಆಕಾಶ ನೋಡಿದ, ಒಬ್ಬ ಶೂ ನೋಡಿಕೊಂಡ, ಇನ್ನೊಬ್ಬ ಕೈಗಳನ್ನು ಜೇಬಿಗೇ ಇಳಿಸಿದ. ಕಾರ್ಯದರ್ಶಿ ಎಂಜಿನ್ ಮುಟ್ಟಿದರು, ಮತ್ತೆ ಮುಟ್ಟಿದರು, ಕೊನೆಗೆ ಪೂರ್ತಿ ಅಂಗೈ ಇಟ್ಟು ಮುಗಿಯಿತು ಎಂದರು. ಅತ್ತೆ ಬೇಕರಿಯವನ ಕಡೆ ನಡೆದಳು. ಅವನು ಇನ್ನೂ ಕಾರ್ಟಿನಲ್ಲೇ ಕೂತಿದ್ದ, ಕೈಯಲ್ಲಿ ಆ ಬಿಳಿ ಬಟ್ಟೆ. ಅವಳ ಮುಖ ನೋಡದೆಯೇ ಹೇಳಿದ.

“ಎತ್ತಲಿಲ್ಲ ಅತ್ತೆ. ಕಾಲು ಜಾರಿತು.”

“ಗೊತ್ತು,” ಎಂದಳು ಅತ್ತೆ. “ನಂಗೂ ಹತ್ತು ವರ್ಷ ಜಾರಿದೆ.”

ಮನೆ ತಲುಪಿದಾಗ ಮಾವ ಕಪಾಟಿನಿಂದ ಹೊದಿಕೆ ತಂದು, ಹೊಗೆಗೂಡನ್ನು ಮಂಚದ ಕೆಳಗೆ ಇಡಬೇಕೇ ಎಂದು ಕೇಳಿದರು. ಅತ್ತೆ ಅದನ್ನು ಅವರ ಕೈಯಿಂದ ತೆಗೆದುಕೊಂಡು ಅವರ ಹೆಗಲಿಗೇ ಹೊದೆಸಿದಳು. ಎಂಜಿನ್ ವ್ಯಾನಿನಲ್ಲೇ ಇರಲಿ, ಅದನ್ನು ಯಾರೂ ಕದಿಯುವುದಿಲ್ಲ ಎಂದಳು.