ಅಪ್ಪನ ನಾಲಗೆ ಮತ್ತು ಮೈಲುತುತ್ತ

ಅವ್ವನ ಸಾರು ಕೆಟ್ಟಿದೆ ಎಂದು ಅಪ್ಪ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಶಿವರಾತ್ರಿ ಕಳೆದ ಮೇಲೆ, ಒಂದು ಶನಿವಾರ. ನಾನೂ ಅಲ್ಲೇ ಕೂತಿದ್ದೆ, ಎರಡನೇ ಮುದ್ದೆ ಮುರಿಯುತ್ತಿದ್ದೆ. ಅಪ್ಪ ಒಂದು ತುತ್ತು ನುಂಗಿ ಮುಖ ಕಿವುಚಿದ.

"ಇದೇನಮ್ಮಿ, ಕಾಸು ಚೀಪ್ದಂಗದೆ ಸಾರು?"

ಅವ್ವ ಸೌಟಿನ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದಳು. ಹಾರನಹಳ್ಳಿ ಕಡೆಯ ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಬಾಡೂಟವಾದರೂ ಮಸಾಲೆ ರುಬ್ಬುವ ಮೊದಲು ಅವ್ವನನ್ನು ಕರೆದು ತೋರಿಸುತ್ತಾರೆ. ಅಂಥವಳ ಸಾರಿಗೆ ನಲವತ್ತು ವರ್ಷದ ಸಂಸಾರದಲ್ಲಿ ಯಾರೂ ಹೆಸರಿಟ್ಟವರಿಲ್ಲ. ನಾನು ಸುರ್‍ರೆಂದು ಇನ್ನೊಂದು ಸಲ ಕುಡಿದು ನೋಡಿದೆ. ಚೆನ್ನಾಗಿಯೇ ಇತ್ತು.

ನಾನು ಕೆ.ಆರ್. ನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಶನಿವಾರ ಸ್ಕೂಲು ಬಿಟ್ಟ ತಕ್ಷಣ ಹುಣಸೂರು ಹಾದು ಊರಿಗೆ ಬಂದರೆ ಮತ್ತೆ ಹೊರಡುವುದು ಸೋಮವಾರ ಬೆಳಿಗ್ಗೆಯೇ. ಹಾಗಾಗಿ ಅಪ್ಪ ಅವ್ವನ ನಡುವೆ ಹತ್ತಿಕೊಂಡ ಈ ಸಾರಿನ ಜಗಳವನ್ನು ನಾನು ನೋಡಿದ್ದು ವಾರಕ್ಕೊಂದು ಕಂತಿನಂತೆ. ಮೊದಲನೇ ವಾರ ಅವ್ವ ಹುಣಸೆಹಣ್ಣು ಬದಲಾಯಿಸಿದಳು. ಎರಡನೇ ವಾರ ಮಿಕ್ಸಿಯನ್ನು ಅಟ್ಟಕ್ಕೆ ಏರಿಸಿ ಒರಳುಕಲ್ಲು ತೊಳೆದಳು, ರುಬ್ಬಿ ರುಬ್ಬಿ ರಟ್ಟೆ ಊದಿಸಿಕೊಂಡಳು. ಅಪ್ಪನದು ಒಂದೇ ಮಾತು: ಕಾಸು.

"ಪಾತ್ರೆ ಕಲಾಯಿ ಹೋಗಿರಬೇಕು ಕಣವ್ವ," ಎಂದು ಬುದ್ಧಿ ಹೇಳಿದವಳು ನಾನೇ. ಹಿತ್ತಾಳೆ ಪಾತ್ರೆಯ ತವರ ಸವೆದರೆ ಹುಳಿ ತಾಗಿ ಸಾರು ಕಿಲುಬುತ್ತದೆ ಎನ್ನುವುದು ಮನೆಮನೆಗೂ ಗೊತ್ತಿರುವ ವಿಷಯ. ಸರಿ, ಶನಿವಾರ ಸಂಜೆಯೇ ಸಾರಿನ ದೊಡ್ಡ ಹಿತ್ತಾಳೆ ಪಾತ್ರೆಯನ್ನು ಸೊಂಟಕ್ಕೆ ಏರಿಸಿಕೊಂಡು ಅವ್ವ ನನ್ನ ಜೊತೆ ಹುಣಸೂರಿನ ಬಸ್ಸು ಹತ್ತಿದಳು.

"ಹೆಂಗಸ್ರಿಗೆ ಫ್ರೀ ಕಣಮ್ಮ, ಪಾತ್ರೆಗಲ್ಲ," ಎಂದ ಕಂಡಕ್ಟರು.

"ಇದೂ ಎಂಗ್ಸೇ ಕಣಪ್ಪ. ನಲವತ್ತು ವರ್ಸ ನನ್ ಜೊತೇಲಿ ಬೆಂದದೆ."

ಕಂಡಕ್ಟರು ನಕ್ಕು ಮುಂದೆ ಹೋದ. ಅವ್ವ ನಗಲಿಲ್ಲ.

ಕಲಾಯಿಯಾದ ಪಾತ್ರೆಯೊಳಗೆ ಮುಖ ಕಾಣುವಷ್ಟು ಹೊಳಪಿತ್ತು. ಅದರಲ್ಲೇ ಮಾರನೆಯ ದಿನ ನಾಟಿಕೋಳಿ ಸಾರಾಯಿತು. ಅಪ್ಪ ತಿಂದ, ತಲೆಯಾಡಿಸಿದ, ಆಮೇಲೆ ಕೈ ತೊಳೆಯುತ್ತ ತೀರ್ಪು ಕೊಟ್ಟ.

"ಈ ಸಲ ಹೊಸತೊಡಕಿಗೆ ಕೊಪ್ಪದಿಂದ ಅಡುಗೆಯವನ್ನ ಕರ್ಸದೇ ಸರಿ. ನೆಂಟ್ರ ಮುಂದೆ ನಗೆಪಾಟ್ಲು ಆಗದು ಬ್ಯಾಡ."

ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಬೇವುಬೆಲ್ಲ, ಹೋಳಿಗೆ ಎಲ್ಲ ಹಿಂದಿನ ದಿನಕ್ಕೇ ಮುಗಿದು, ಅವತ್ತು ಊರಿಗೆ ಊರೇ ಮರಿ ಕಡಿದು, ಗುಡ್ಡೆ ಗುಡ್ಡೆಯಾಗಿ ಪಾಲು ಹಾಕಿದ ಗುಡ್ಡೆಬಾಡು ಹಂಚಿಕೊಂಡು ಬೇಯಿಸುತ್ತದೆ. ನಮ್ಮ ಮನೆಗೆ ಮಿರ್ಲೆಯಿಂದ ಅವ್ವನ ತೌರಿನವರು, ಎಚ್.ಡಿ. ಕೋಟೆಯಿಂದ ಅಪ್ಪನ ಅಕ್ಕತಂಗಿಯರು, ಎಲ್ಲ ಬರುವುದು ಅವ್ವನ ಆ ಒಂದು ದಿನದ ಸಾರಿಗೆ. ಅವ್ವನಿಗೆ ಪದವಿ, ಪ್ರಶಸ್ತಿ, ಸನ್ಮಾನ ಏನಿದ್ದರೂ ಅದೊಂದೇ. ಅದನ್ನೇ ಅಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಕಿತ್ತುಕೊಂಡಿದ್ದ.

"ಆ ಅಡುಗೆಯವ ಈ ವಸ್ಲು ತುಳಿದ್ರೆ ನಾನು ಮಿರ್ಲೆಗೆ ಓಯ್ತೀನಿ ಅಂತ ಏಳವ್ವ ನಿಮ್ಮಪ್ಪಂಗೆ," ಎಂದಳು ಅವ್ವ. ಅಪ್ಪ ಮೂರಡಿ ದೂರದಲ್ಲೇ ಇದ್ದ. ಅವತ್ತಿನಿಂದ ಅವನಿಗೆ ಹೇಳಬೇಕಾದ್ದನ್ನೆಲ್ಲ ಅವಳು ನನಗೆ ಹೇಳುತ್ತಿದ್ದಳು. ನಾನಿಲ್ಲದ ವಾರದ ದಿನಗಳಲ್ಲಿ ಎಮ್ಮೆಗೆ ಹೇಳುತ್ತಿದ್ದಳಂತೆ.

ಅಪ್ಪನಿಗೆ ಸಕ್ಕರೆ ಕಾಯಿಲೆಯೇ ಇರಬೇಕೆಂದು ನಾನು ಅವನನ್ನು ಪಿರಿಯಾಪಟ್ಟಣದ ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಸಕ್ಕರೆ ಇರಲಿಲ್ಲ. ಹೊಟ್ಟೆ ತೊಳಸುತ್ತದೆ ಎಂಬುದನ್ನು ಮಾತ್ರ ಒಪ್ಪಿಕೊಂಡ. "ಔಷಧಿ ಗಿವ್ಷಧಿ ಏನಾದ್ರೂ ಬಾಯಿಗೆ ಹೋಗ್ತಿದೆಯಾ ಯಜಮಾನ್ರೇ?" ಎಂದು ಡಾಕ್ಟರು ಕೇಳಿದ್ದಕ್ಕೆ, "ಎಲೆಅಡಿಕೆ ಬುಟ್ರೆ ಏನೂ ಇಲ್ಲ ಸಾ," ಎಂದ, ದೇವರ ಮುಂದೆ ನಿಂತವನ ಮುಖ ಮಾಡಿ. ಡಾಕ್ಟರು ಶಕ್ತಿಯ ಮಾತ್ರೆ ಬರೆದುಕೊಟ್ಟರು.

ಮಾರನೆಯ ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೊಗೆಸೊಪ್ಪಿನ ಸಸಿಮಡಿಗೆ ಹೋದೆ. ಎಳೆಯ ಸಸಿ ಬುಡ ಕೊಳೆಯಬಾರದೆಂದು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಹುಯ್ಯುವ ಕಾಲವದು. ಮೈಲುತುತ್ತದ ಹರಳು ನೋಡಲು ಬಹಳ ಚೆಂದ, ನವಿಲಿನ ಕತ್ತಿನ ನೀಲಿ. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅದು, ಇನ್ನೊಂದರಲ್ಲಿ ಸುಣ್ಣದ ತಿಳಿ, ಎರಡನ್ನೂ ಡ್ರಮ್ಮಿಗೆ ಸುರಿದು ತಿರುವಬೇಕು. ಊರಿನ ಅರ್ಧ ಸಸಿಮಡಿಗಳಿಗೆ ಬೆರೆಸಿಕೊಡುವವನು ಅಪ್ಪನೇ, ಕೈಗುಣ ಚೆನ್ನಾಗಿದೆ ಅಂತ. ಆ ಕೈ ಅವತ್ತು ಮೊಣಕೈವರೆಗೂ ನೀಲಿಯಾಗಿತ್ತು.

ಹಿಂದಿನ ವರ್ಷ ನಾನೇ ಮೈಸೂರಿನಿಂದ ಕೈಗವಸು, ಕನ್ನಡಕ, ಮೂಗುಪಟ್ಟಿ ಎಲ್ಲ ತಂದುಕೊಟ್ಟಿದ್ದೆ. ಎಲ್ಲಿ ಎಂದು ಹುಡುಕಿದರೆ, ಬದುವಿನ ಮೇಲೆ ನಿಂತಿದ್ದ ಬೆದರುಬೊಂಬೆಗೆ ಅಷ್ಟೂ ತೊಡಿಸಿದ್ದಾನೆ! ಆ ಹೊಲದಲ್ಲಿ ಕ್ಷೇಮವಾಗಿದ್ದದ್ದು ಅದೊಂದೇ.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ತೋರುಬೆರಳನ್ನು ಡ್ರಮ್ಮಿಗೆ ಅದ್ದಿದ. ನಾಲಗೆಯ ತುದಿಗೆ ಮುಟ್ಟಿಸಿದ. ಚಪ್ಪರಿಸಿ, ಕಣ್ಣು ಕಿರಿದು ಮಾಡಿ ಆಕಾಶ ನೋಡಿ, "ಇನ್ನೊಂದೀಟು ಸುಣ್ಣ ಬೇಕು," ಎಂದು ತನಗೆ ತಾನೇ ಹೇಳಿಕೊಂಡ.

ಕಾಫಿಯ ಚೊಂಬನ್ನು ಬದುವಿನ ಮೇಲೆ ಕುಕ್ಕಿ ಓಡಿದೆ.

"ಅಪ್ಪಾ! ಉಗಿ! ಉಗಿಯಪ್ಪಾ ಮೊದ್ಲು!"

"ಯಾಕವ್ವ ಇಂಗ್ ಬಡ್ಕತೀಯ? ಸುಣ್ಣದ ಅದ ನೋಡೋದು ಕಣೆ. ನಾನೇನು ನುಂಗಾಕಿಲ್ಲ, ಉಗೀತೀನಿ."

"ಮೈಲುತುತ್ತ ಅದು! ವಿಷ!"

"ಗೊತ್ತು ಬುಡು. ಅದ್ಕೇ ಒಸಿಯೇ ಮುಟ್ಟಿಸ್ಕಳದು."

ನಮ್ಮ ತಾತ ಹೀಗೆ ಮಾಡುತ್ತಿರಲಿಲ್ಲ. ಉಜ್ಜಿ ಬೆಳಗಿದ ಕಬ್ಬಿಣದ ಕುಡುಗೋಲನ್ನು ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಇಳಿಬಿಡುತ್ತಿದ್ದ. ಅದಕ್ಕೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಹತ್ತದಿದ್ದರೆ ಹದ ಸರಿ. ಅದೇಕೆ ಬಿಟ್ಟೆ ಎಂದು ಕೇಳಿದೆ.

"ನಿಮ್ಮವ್ವ ಮನೇಲಿದ್ದ ಕಬ್ಬಿಣಾನೆಲ್ಲ ಗುಜ್ರಿಯವನಿಗೆ ಆಕಿ ಸ್ಟೀಲ್ ತಗೊಂಡವ್ಳೆ. ಸ್ಟೀಲು ಏನೂ ಏಳಾಕಿಲ್ಲ. ನಾಲ್ಗೆ ಏಳ್ತದೆ."

"ಯಾವತ್ತಿಂದ?"

"ಶಿವರಾತ್ರಿಯಿಂದ. ದಿನಾ ನಾಕೈದು ಡ್ರಮ್ಮು ಅಷ್ಟೇಯ."

ಅಷ್ಟೇಯ! ಪ್ರತಿ ಜೂನಿನಲ್ಲೂ ನಾನು ಮಕ್ಕಳಿಗೆ ಹೇಳುವ ಮೊದಲ ಮಾತು, ಪ್ರಯೋಗಾಲಯದಲ್ಲಿ ಏನನ್ನೂ ಬಾಯಿಗೆ ಇಡಬೇಡಿ ಎಂದು. ಇದೇ ನೀಲಿ ಹರಳನ್ನು ಕೈಯೆತ್ತಿ ತೋರಿಸಿ, ಕಣ್ಣಿಗೆ ಸಿಡಿದರೆ ಕಣ್ಣು ಕೆಡುತ್ತದೆ, ಹೊಟ್ಟೆಗೆ ಹೋದರೆ ವಾಂತಿ, ಹೆಚ್ಚಾದರೆ ಪಿತ್ತಜನಕಾಂಗ, ಮೂತ್ರಪಿಂಡ ಎರಡೂ ಕೈಕೊಡುತ್ತವೆ ಎಂದು ಗಿಣಿಯಂತೆ ಒಪ್ಪಿಸುತ್ತೇನೆ. ಬಾಯಲ್ಲಿ ಲೋಹದ ರುಚಿ ಬರುವುದೂ ಆ ಪಟ್ಟಿಯಲ್ಲೇ ಇದೆ. ಊರವರ ಮಕ್ಕಳಿಗೆಲ್ಲ ಹೇಳಿದೆ, ಹೆತ್ತಪ್ಪ ದಿನಾ ನೆಕ್ಕುತ್ತಿದ್ದುದು ಗೊತ್ತಾಗದೆ ಪಾತ್ರೆಗೆ ಕಲಾಯಿ ಹಾಕಿಸಿದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅಲ್ಲೇ ಬದುವಿನ ಮೇಲೆ ಕೂತು ಅತ್ತುಬಿಟ್ಟೆ.

ನಾನು ಅತ್ತದ್ದು ಕಂಡು ಅಪ್ಪ ಮೆತ್ತಗಾದ. ಕೈಬಾಯಿ ತೊಳೆಸಿ, ಬೇರೆ ಅಂಗಿ ತೊಡಿಸಿ, ಮತ್ತೆ ಡಾಕ್ಟರ ಬಳಿ ಕೂರಿಸಿದೆ. ಈ ಸಲ ನಿಜ ಹೇಳಿದ. ಅವರು ರಕ್ತ ಪರೀಕ್ಷೆ ಮಾಡಿಸಿ, ಅದೃಷ್ಟಕ್ಕೆ ಏನೂ ಕೆಟ್ಟಿಲ್ಲವೆಂದು ಹೇಳಿ, ಆಮೇಲೆ ಚೆನ್ನಾಗಿ ಉಗಿದರು. ನೆಕ್ಕುವುದು ನಿಂತರೆ ರುಚಿ ತಾನಾಗಿ ವಾಪಸು ಬರಬಹುದು, ಯಾವಾಗ ಎಂದು ಹೇಳಲಾಗದು ಎಂದರು.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. "ಅಂಗಾರೆ ನನ್ ಸಾರು ಸರಿಯಾಗೇ ಇತ್ತಾ?" ಎಂದು ನನ್ನನ್ನು ಕೇಳಿದಳು. ಇತ್ತು ಎಂದೆ. ಎದ್ದು ಹೋಗಿ, ಎಷ್ಟೋ ದಿನಗಳ ಮೇಲೆ ನೇರವಾಗಿ ಅಪ್ಪನಿಗೇ ಹೇಳಿದಳು: "ವಿಸ ನೆಕ್ಕಂಡು ಬಂದು ನನ್ ಸಾರು ಕೆಟ್ಟದೆ ಅಂತೀಯಾ? ನಿನ್ ಬಾಯಿಗ್ ಮಣ್ಣಾಕ!"

ಅಪ್ಪ ಸೋಲುವ ಆಸಾಮಿಯಲ್ಲ. ನಾಲಗೆ ಒಪ್ಪುವವರೆಗೂ ಕೊಪ್ಪದವನೇ ಎಂದ. ಅವ್ವ ಬ್ಯಾಗಿಗೆ ಸೀರೆ ತುಂಬಿದಳು. ನಾನು ಸಂತೆಯಿಂದ ಕಬ್ಬಿಣದ ಕುಡುಗೋಲು ತಂದು ಡ್ರಮ್ಮಿನ ಪಕ್ಕ ನೇತುಹಾಕಿದೆ, ಬೆದರುಬೊಂಬೆಯ ವೇಷ ಕಳಚಿ ಅಪ್ಪನಿಗೆ ತೊಡಿಸಿದೆ, ಆಮೇಲೆ ಯಾರಿಗೂ ಹೇಳದೆ ಅಡುಗೆಯವನಿಗೆ ಫೋನು ಮಾಡಿ ಬರಬೇಡಿ ಎಂದುಬಿಟ್ಟೆ.

ಹೊಸತೊಡಕಿನ ದಿನ ಬಾಡು ಬಂತು, ನೆಂಟರು ಬಂದರು, ಅಡುಗೆಯವನು ಮಾತ್ರ ಬರಲಿಲ್ಲ. ಅಪ್ಪ ರಸ್ತೆ ನೋಡಿ ನೋಡಿ ಒಳಗೆ ಬರುವಷ್ಟರಲ್ಲಿ ಅವ್ವ ಸೆರಗು ಸಿಕ್ಕಿಸಿ ಒಲೆ ಹೊತ್ತಿಸಿದ್ದಳು.

ಪಂಕ್ತಿ ಕೂತಿತು. ನೆಂಟರೆಲ್ಲ ಸಾರು ಸುರಿದು ಆಹಾ ಎಂದರು. ಕೊನೆಯಲ್ಲಿ ಕೂತಿದ್ದ ಅಪ್ಪನಿಗೆ ಅವ್ವ ತಾನೇ ಬಡಿಸಿ, ಅಲ್ಲೇ ನಿಂತಳು. ಆ ಸಾರು ಒಂದು ಪುಟ್ಟ ಪಾತ್ರೆಯಿಂದ ಬಂದದ್ದು ನನಗೆ ಮಾತ್ರ ಕಂಡಿತು. ಅಪ್ಪ ತುತ್ತು ಬಾಯಿಗಿಟ್ಟ.

"ಅಮ್ಮಿ," ಎಂದ ಅಳುಕುತ್ತ, "ಇದ್ಕೆ ಉಪ್ಪೇ ಆಕಿಲ್ವಲ್ಲ?"

ಪಕ್ಕದಲ್ಲಿದ್ದ ಅತ್ತೆ, "ಥೂ, ಉಪ್ಪು ಸರ್‍ಯಾಗದಲ್ಲೋ!" ಎಂದರು.

"ಇಲ್ಲ ಕಣಕ್ಕ. ನಿಜವಾಗ್ಲೂ ಉಪ್ಪಿಲ್ಲ. ಕಾಸೂ ಇಲ್ಲ, ಉಪ್ಪೂ ಇಲ್ಲ."

"ಆಕಿದ್ರೆ ತಾನೇ ಇರಾಕೆ," ಎಂದಳು ಅವ್ವ. ಆ ಪುಟ್ಟ ಪಾತ್ರೆಯನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಗುತ್ತಲೂ ಇದ್ದಳು. ಆಮೇಲೆ ದೊಡ್ಡ ಪಾತ್ರೆಯಿಂದ ಸೌಟು ತುಂಬಿಕೊಂಡು, ಅಪ್ಪನ ತಟ್ಟೆಯ ಮೇಲೆ ಹಿಡಿದು, ಸುರಿಯದೆ ನಿಂತಳು.

"ಕೊಪ್ಪದವನ್ನ ಕರೆಸ್ಲಾ?"

"ಸುಮ್ಕೆ ಬಡ್ಸು ಕಣಮ್ಮಿ," ಎಂದ ಅಪ್ಪ.