ಮೊಣಕೈ ನಲ್ಲಿ

ದೇವರಾಜ ಮೊಹಲ್ಲಾದ ನಮ್ಮ ವಠಾರದಲ್ಲಿ ಮೂರು ಮನೆಗೆ ಒಂದೇ ಬಚ್ಚಲು. ಮೂಗು ಸೀಟಿದ ಕೈ, ಗ್ರೀಸ್ ಮೆತ್ತಿದ ಕೈ, ಎಲ್ಲ ಕೈಯೂ ಅದೇ ನಲ್ಲಿ ತಿರುಗಿಸುತ್ತಿತ್ತು. ನನಗೆ ಮೊದಲಿಂದಲೂ ಅಸಹ್ಯ. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಅಂತ ಗೊತ್ತಾದಾಗ ಅಸಹ್ಯ ಹೋಗಿ ಭಯ ಹತ್ತಿತು. ಅವಳ ಎಡಗಣ್ಣು ಎಂದೋ ಹೋಗಿತ್ತು, ಉಳಿದಿದ್ದೇ ಬಲಗಣ್ಣು. "ಕೊಳೆ ಕೈ ತಾಗಿ ನಂಜಾದ್ರೆ ಇದೂ ಹೋಗುತ್ತೆ, ನೋಡ್ಕೊಳ್ಳಿ" ಅಂದುಬಿಟ್ಟರು ಡಾಕ್ಟರು.

ಮೇಟಗಳ್ಳಿಯ ಕಾರ್ಖಾನೆಯಲ್ಲಿ ದಿನವಿಡೀ ಯಾರ್ಯಾರದೋ ಯಂತ್ರಕ್ಕೆ ಬಿಡಿಭಾಗ ಮಾಡುವವಳು ನಾನು, ಅಮ್ಮನಿಗೊಂದು ನಲ್ಲಿ ಮಾಡಲಾರೆನಾ? ಗುಜರಿ ಕಬ್ಬಿಣ ತಂದು, ಕಾಲಲ್ಲಿ ಒತ್ತುವ ಪೆಡಲ್ ಬೆಸೆದೆ. ಒತ್ತಿದರೆ ನೀರು, ಬಿಟ್ಟರೆ ಬಂದ್. ಕೈ ತಾಗಿಸುವ ಮಾತೇ ಇಲ್ಲ. ನನ್ನ ಜಂಭ ಕೇಳಬೇಡಿ!

ಅಮ್ಮ ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ ವಠಾರವೆಲ್ಲ ಬಚ್ಚಲ ಮುಂದೆ ನಿಂತಿತು. ಪಕ್ಕದ ಮನೆಯಾಕೆ ಪೆಡಲ್ ತುಳಿದರು. ನೀರು ಸುರಿಯಿತು. "ಭೇಷ್ ಕಣೇ!" ಅಂದವರೇ ಬಗ್ಗಿ, ಆ ಪೆಡಲನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ಗಂಗಮ್ಮನ್ನ ಕಾಲಲ್ಲಿ ತುಳಿದ್ಬುಟ್ಟೆನಲ್ಲ, ಪಾಪ ಸುತ್ಕೋಬಾರ್ದು ಕಣಮ್ಮ." ನಾನು ಬಿದ್ದು ಬಿದ್ದು ನಕ್ಕೆ. ನಗು ಮುಗಿಯುವಷ್ಟರಲ್ಲಿ ಅಮ್ಮನೂ ತುಳಿದು, ಬಗ್ಗಿ, ಮುಟ್ಟಿ, ಕಪ್ಪು ಕನ್ನಡಕ ಮೇಲೆತ್ತಿದ್ದಳು.

"ಅಮ್ಮಾ!" ಅಂತ ಕಿರುಚಿ ಅವಳ ಮಣಿಕಟ್ಟು ಹಿಡಿದೆ. ಬಚ್ಚಲ ನೆಲದ ಕೊಳೆಯನ್ನೆಲ್ಲ ನೇರ ಕಣ್ಣಿಗೇ ಸಾಗಿಸುವ ಯಂತ್ರ ಮಾಡಿಟ್ಟಿದ್ದೆ, ದಡ್ಡಿ ನಾನು! ಕಾಲು ತಾಗಿದ್ದನ್ನು ಕಣ್ಣಿಗೊತ್ತಿಕೊಳ್ಳೋದು ನನಗೂ ರೂಢಿಯೇ ತಾನೆ, ಮೊದಲೇ ಹೊಳೆಯಬಾರದಿತ್ತೇ?

"ಕೂಗಾಡ್ಬೇಡ, ಅಭ್ಯಾಸಬಲ ಕಣೇ" ಅಂದಳು ಅಮ್ಮ. ಅವಳನ್ನು ಬದಲಾಯಿಸುವುದು ಆಗದ ಮಾತು. ನಲ್ಲಿಯನ್ನೇ ಬದಲಾಯಿಸಿದೆ. ರಜೆ ಹಾಕಿ, ಪೆಡಲ್ ಕಿತ್ತು, ಮೊಣಕೈಯಲ್ಲಿ ತಳ್ಳುವ ಉದ್ದನೆಯ ಹಿಡಿ ಕೂರಿಸಿದೆ. ಮೊಣಕೈ ತಾಗಿದರೆ ಯಾವ ದೇವರಿಗೂ ಬೇಜಾರಿಲ್ಲ. ಮೇಲಾಗಿ ಮೊಣಕೈಯನ್ನು ಕಣ್ಣಿಗೊತ್ತಿಕೊಳ್ಳಲು ಯಾರಪ್ಪನಿಂದಲೂ ಆಗದು! ವಠಾರದವರು ಕೋಳಿ ರೆಕ್ಕೆ ಬಡಿದಂತೆ ತಳ್ಳುತ್ತಾ, ಒಬ್ಬರನ್ನೊಬ್ಬರು ನೋಡಿ ನಗುತ್ತಾ ಕಲಿತರು.

ಕಣ್ಣು ಪೂರ್ತಿ ವಾಸಿಯಾಯಿತು ಅಂತ ಡಾಕ್ಟರು ಹೇಳಿದ ದಿನ ಅಮ್ಮ ಕನ್ನಡಕ ಬಿಚ್ಚಿಟ್ಟು ಬಚ್ಚಲಿಗೆ ಹೋದಳು. ಹಿಡಿ ತಳ್ಳಿದವಳು ಅದನ್ನೇ ದಿಟ್ಟಿಸುತ್ತಾ ನಿಂತಳು.

"ಥೂ, ಇದೇನೇ ಇಷ್ಟು ಸೊಟ್ಟ ಬೆಸುಗೆ? ಕಾರ್ಖಾನೇಲೂ ಹಿಂಗೇ ಮಾಡ್ತೀಯಾ?"

ಸೊಟ್ಟಗಿದ್ದದ್ದು ನಿಜ, ಕೂದಲೆಳೆಯಷ್ಟು. ನಾನು ಅಮ್ಮನನ್ನು ತಬ್ಬಿಕೊಂಡು ಬಚ್ಚಲಲ್ಲೇ ಕುಣಿದುಬಿಟ್ಟೆ.