ಎನ್‌ಗೋಜಿಯ ಸೋಮವಾರ

ಪೊಲೀಸನೊಬ್ಬ ನನಗಾಗಿ ರಸ್ತೆಯ ಕಾರುಗಳನ್ನೆಲ್ಲ ನಿಲ್ಲಿಸಿದ. ವಾಷಿಂಗ್ಟನ್ನಿನಲ್ಲಿ, ಅಧ್ಯಕ್ಷರ ಬಿಳಿ ಮನೆಗೆ ಹತ್ತಿರದ ಒಂದು ಚೌಕ. ಸೈಕಲ್ಲು ಅಡ್ಡ ಹಾಕಿ, ಒಂದು ಕೈ ಎತ್ತಿ ಕಾರುಗಳನ್ನು ತಡೆದು, ಇನ್ನೊಂದು ಕೈಯಿಂದ ನಮ್ಮನ್ನು ಬನ್ನಿ ಬನ್ನಿ ಎಂದು ಕರೆಯುತ್ತಿದ್ದ. ನನ್ನ ಕೈಯಲ್ಲಿದ್ದದ್ದು ಒಂದು ಬಾವುಟದ ತುದಿ. ಕೆಂಪು, ಕಪ್ಪು, ಹಸಿರು ಪಟ್ಟೆಗಳು, ನಡುವೆ ಅರ್ಧ ಮೂಡಿದ ಸೂರ್ಯ. ಈಗಿನ ಯಾವ ಭೂಪಟದಲ್ಲೂ ಇಲ್ಲದ ದೇಶದ ಬಾವುಟ ಅದು. ವಿಜಯಪುರದಲ್ಲಿ ಹುಟ್ಟಿ, ಬೆಳೆದು, ಒಂದು ಮೆರವಣಿಗೆಗೂ ಹೋಗದ ನಾನು ಇಲ್ಲಿಗೆ ಬಂದು ಇದನ್ನು ಹಿಡಿದು ನಡೆಯುತ್ತಿದ್ದೆ. "ನಿಧಾನ ಬನ್ನಿ ಮ್ಯಾಮ್, ಅವಸರವಿಲ್ಲ" ಎಂದ ಆ ಪೊಲೀಸ. ನನ್ನ ಪಕ್ಕದಲ್ಲಿದ್ದ ಎನ್‌ಗೋಜಿ ರಸ್ತೆಯ ನಡುವೆಯೇ ನಿಂತುಬಿಟ್ಟಳು. ಅವನ ಮುಖವನ್ನೇ ನೋಡುತ್ತ ನಿಂತವಳು ಅಳತೊಡಗಿದಳು. ಕಾರಿನವರು ಕಾದರು, ಯಾರೂ ಹಾರ್ನ್ ಸಹ ಹೊಡೆಯಲಿಲ್ಲ.

ನನಗೆ ಈ ಊರು ಅರ್ಥವಾಗಲು ಎನ್‌ಗೋಜಿಯೇ ಕಾರಣ. ಹಾಗಾಗಿ ಅವಳ ಕಥೆ ಬಿಟ್ಟು ನನ್ನ ಕಥೆ ಬರೆಯಲು ಬರುವುದಿಲ್ಲ.

ನನ್ನ ಗಂಡ ಸೇತುವೆ ಕಟ್ಟುವ ಎಂಜಿನಿಯರು. ಅವರ ಕಂಪನಿ ಅವರನ್ನು ವರ್ಜೀನಿಯಾಕ್ಕೆ ವರ್ಗ ಮಾಡಿದಾಗ ನನಗೆ ಐವತ್ತರ ಹತ್ತಿರ. ಆ ವಯಸ್ಸಿನಲ್ಲಿ ಹೊಸ ಊರಿಗೆ ಬರುವುದೆಂದರೆ ಬೇರೆಯವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದ ಹಾಗೆ. ಹರ್ನ್‌ಡನ್ನಿನಲ್ಲಿ ನಮಗೆ ಸಿಕ್ಕ ಅಪಾರ್ಟ್‌ಮೆಂಟಿನ ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದವರು ಸೀನಿದರೂ ಕೇಳುತ್ತದೆ, ಅವರ ಮುಖ ಮಾತ್ರ ತಿಂಗಳುಗಟ್ಟಲೆ ಕಾಣುವುದಿಲ್ಲ. ನಮ್ಮ ಓಣಿಯಲ್ಲಿ ಒಲೆಯ ಮೇಲೆ ಹಾಲು ಉಕ್ಕಿದರೆ ಎದುರು ಮನೆಯಿಂದ ಕೂಗು ಬರುತ್ತಿತ್ತು. ಇಲ್ಲಿ ಹೊಗೆ ಕಂಡರೆ ಗೋಡೆಯ ಯಂತ್ರವೊಂದು ಕಿರುಚುತ್ತದೆ, ಅಷ್ಟೇ. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತವೆ. ಮೊದಲ ವಾರಗಳಲ್ಲಿ ಪ್ರತಿ ವಿಮಾನವನ್ನೂ ಇದರಲ್ಲಿ ವಾಪಸ್ ಹೋಗಬಹುದಿತ್ತಲ್ಲ ಎಂದು ನೋಡುತ್ತಿದ್ದೆ. ಅದೂ ಬೇಸರವಾಗಿ ನೋಡುವುದನ್ನು ಬಿಟ್ಟೆ.

ಕಾರು ಓಡಿಸಲು ಬಾರದವರು ಇಲ್ಲಿ ಕಾಲಿಲ್ಲದವರಿದ್ದಂತೆ. ನನಗೆ ಕೆಲಸ ಮಾಡುವ ಪರವಾನಗಿಯಿತ್ತು. ವಯಸ್ಸಾದವರು ಹಗಲು ಹೊತ್ತು ಕಳೆಯಲು ಬರುವ ಒಂದು ಡೇ ಕೇರಿನ ಅಡುಗೆಮನೆಯಲ್ಲಿ ಕೆಲಸವೂ ಸಿಕ್ಕಿತು. ಆದರೆ ಹೋಗುವುದು ಹೇಗೆ? ಅಲ್ಲೇ ಆಯಾ ಆಗಿದ್ದ ಎನ್‌ಗೋಜಿ ನಮ್ಮ ಕಾಂಪ್ಲೆಕ್ಸಿನ ಹಿಂಬದಿಯ ಕಟ್ಟಡದಲ್ಲೇ ಇದ್ದಳು. ಮೊದಲ ದಿನವೇ ನನ್ನನ್ನು ತನ್ನ ಹಳೆಯ ಕಾರಿನಲ್ಲಿ ಕೂರಿಸಿಕೊಂಡಳು. ನೈಜೀರಿಯಾದ ಆಗ್ನೇಯ ಭಾಗದ ಇಗ್ಬೊ ಜನ ಅವರು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಬೇರೆ ಬೇರೆ ಶಾಲೆಯಲ್ಲಿ ಏಟು ತಿಂದು ಕಲಿತವು. ಆದ್ದರಿಂದ ಅವಳ ಮಾತನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

ಅವಳಿಂದ ನಾನು ಕಲಿತ ಮೊದಲ ಇಗ್ಬೊ ಮಾತು "ಎನ್‌ಡೊ". ಯಾರಿಗಾದರೂ ಪೆಟ್ಟಾದರೆ, ನಷ್ಟವಾದರೆ, ಕೊನೆಗೆ ಎಡವಿದರೂ ಹೇಳುವ ಮಾತು. ತಪ್ಪು ನಮ್ಮದಿರಬೇಕಾಗಿಲ್ಲ. ಬಸ್ ತಪ್ಪಿತು ಎಂದರೂ ಎನ್‌ಡೊ, ಸೊಂಟ ನೋವು ಎಂದರೂ ಎನ್‌ಡೊ. ನಮ್ಮಲ್ಲಿ ಇದಕ್ಕೆ ಅವ್ವಂದಿರು ಬಾಯಲ್ಲಿ ಲೊಚ್ಚೆನ್ನುತ್ತಾರೆ. ಇಲ್ಲಿ ಅದನ್ನು ಕೇಳದೆ ಎಷ್ಟು ದಿನವಾಗಿತ್ತೋ, ಅವಳು ಮೊದಲ ಸಲ ಹಾಗೆಂದಾಗ ಇನ್ನೊಮ್ಮೆ ಹೇಳು ಎಂದೆ.

ಎನ್‌ಗೋಜಿ ಸೋಮವಾರ ಮಾತ್ರ ಕೆಲಸಕ್ಕೆ ಬರುತ್ತಿರಲಿಲ್ಲ. ಅವತ್ತು ನನ್ನ ಗಂಡ ಮುಖ ಊದಿಸಿಕೊಂಡು ನನ್ನನ್ನು ಬಿಟ್ಟು ಬರಬೇಕಾಗುತ್ತಿತ್ತು. ಒಮ್ಮೆ ಕಾರಣ ಕೇಳಿದೆ. ಸೋಮವಾರ ನಮ್ಮವರು ಮನೆಬಿಟ್ಟು ಹೊರಗೆ ಹೋಗುವುದಿಲ್ಲ, ಅಂಗಡಿ ಪೇಟೆ ಏನೂ ಇಲ್ಲ ಎಂದಳು. ನನಗೆ ಅಷ್ಟೇ ಸಾಕಾಯಿತು. ನಮ್ಮ ಮನೆಯಲ್ಲಿ ಸೋಮವಾರವೆಂದರೆ ಶಿವನ ವಾರ, ಅವ್ವನದು ಒಪ್ಪತ್ತು, ಸಂಜೆ ಪೂಜೆಯಾಗುವ ತನಕ ಊಟವಿಲ್ಲ. ಎಷ್ಟು ದೂರದ ಜನ, ಆದರೂ ಅದೇ ವಾರ ಹಿಡಿಯುತ್ತಾರಲ್ಲ ಎಂದು ನನಗೆ ಸಂತೋಷವೋ ಸಂತೋಷ. ಮುಂದಿನ ಸೋಮವಾರ ರಜೆ ಹಾಕಿ, ಸ್ನಾನ ಮಾಡಿ, ಈರುಳ್ಳಿ ಸೋಕಿಸದೆ ಸಾಬೂದಾನಿ ಖಿಚಡಿ ಮಾಡಿ, ಎರಡು ಬಾಳೆಹಣ್ಣು ಇಟ್ಟುಕೊಂಡು ಅವಳ ಬಾಗಿಲು ತಟ್ಟಿದೆ.

ಬಾಗಿಲು ತೆರೆದರೆ ಮನೆ ತುಂಬ ಕುರಿ ಮಾಂಸದ ಘಮ. ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಅದರ ಪಕ್ಕ ಒಂದು ಫೋನನ್ನು ಮೆಣಸಿನ ಡಬ್ಬಿಗೆ ಒರಗಿಸಿಟ್ಟಿದ್ದಳು. ಅದರೊಳಗೆ ಅವಳ ತಾಯಿ, ತಮ್ಮ ಒಬಿನ್ನ. ಅಲ್ಲೂ ಒಲೆ ಉರಿಯುತ್ತಿತ್ತು. ನಾನು ವ್ರತದ ಮಾತು ಹೇಳಿದ್ದೇ ತಡ, ಒಬಿನ್ನ ಎಷ್ಟು ನಕ್ಕನೆಂದರೆ ಫೋನು ಅವನ ಕೈಯಿಂದ ಬಿತ್ತು. ಅವತ್ತಿನಿಂದ ನಾನು ಅವನಿಗೆ "ಸೋಮವಾರದ ಆಂಟಿ". ನಾನು ಒಯ್ದ ಡಬ್ಬಿಯಲ್ಲಿನ ಬಿಳಿ ಮುತ್ತುಗಳು ಏನೆಂದು ಕೇಳಿದ. ಮರಗೆಣಸಿನ ಹಿಟ್ಟಿನದು ಎಂದೆ. ಅದು ನಮ್ಮದೇ ಗೆಣಸು, ಅದನ್ನೇ ಅಲ್ಲವೇ ನಾವು ಫೂಫು ಮಾಡಿ ತಿನ್ನುವುದು ಎಂದ. ಫೂಫು ಎಂದರೆ ನಿಮ್ಮ ಮೈಸೂರು ಕಡೆಯ ಮುದ್ದೆಯ ಅಣ್ಣ. ರೊಟ್ಟಿಯವಳಾದ ನನಗೆ ಎರಡೂ ನುಂಗಲು ಬರುವುದಿಲ್ಲ, ಅದು ಬೇರೆ ಮಾತು.

ಆ ದಿನ ತಿಳಿದದ್ದು ಇಷ್ಟು. ಇಗ್ಬೊ ಜನರಲ್ಲಿ ಹಲವರಿಗೆ ತಮ್ಮದೇ ದೇಶ ಬೇಕು. ಅದಕ್ಕಾಗಿ ಹಿಂದೆ ಒಂದು ಯುದ್ಧವೇ ಆಗಿ, ಹಸಿವಿನಿಂದ ಲೆಕ್ಕವಿಲ್ಲದಷ್ಟು ಮಕ್ಕಳು ಸತ್ತಿದ್ದರು. ಅವಳ ತಾಯಿ ಬದುಕಿ ಉಳಿದ ಮಕ್ಕಳಲ್ಲಿ ಒಬ್ಬಳು. ಈಗ ಮತ್ತೆ ಆ ಕೂಗು ಎದ್ದಿದೆ. ಸರಕಾರ ಆ ಕೂಗೆಬ್ಬಿಸಿದ ಸಂಘಟನೆಯನ್ನು ನಿಷೇಧಿಸಿ, ಮುಖಂಡನನ್ನು ಜೈಲಿಗೆ ಹಾಕಿದಾಗ, ಪ್ರತಿಭಟಿಸಲು ಪ್ರತಿ ಸೋಮವಾರ ಎಲ್ಲರೂ ಮನೆಯಲ್ಲೇ ಇರಿ ಎಂಬ ಕರೆ ಬಂತು. ಮೊದಲು ಜನ ಮನಸಾರೆ ಪಾಲಿಸಿದರು. ಆಮೇಲೆ ಕರೆ ಕೊಟ್ಟವರೇ ಸಾಕು ಎಂದರೂ ಸೋಮವಾರ ನಿಲ್ಲಲಿಲ್ಲ. ಅಂಗಡಿ ತೆರೆದರೆ ಯಾರೋ ಬಂದೂಕಿನ ಹುಡುಗರು ಬಂದು ಸುಡುತ್ತಾರೆ. ಬೀದಿಗಿಳಿದರೆ ಸೈನಿಕರು ನೀನು ಆ ಹುಡುಗರವನು ಎಂದು ಹಿಡಿಯುತ್ತಾರೆ. ಓನಿಚ ಎಂಬ ಪೇಟೆಯ ಊರಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಒಬಿನ್ನ ಮೊದಲು ಮೆರವಣಿಗೆಗೆ ಹೋದವನೇ. ಈಗ ಅವನಿಗೂ ಸಾಕಾಗಿತ್ತು. ಸೋಮವಾರ ತಾಯಿ ಮಗ ಇಬ್ಬರೂ ಮನೆಯಲ್ಲೇ ಇರುತ್ತಾರೆಂದು ಎನ್‌ಗೋಜಿಯೂ ಇಲ್ಲಿ ರಜೆ ಹಾಕಿ, ಫೋನು ಹಚ್ಚಿ, ಮೂವರೂ ಒಂದೇ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಿದ್ದರು.

ನಮ್ಮಲ್ಲೂ ಪ್ರತ್ಯೇಕ ರಾಜ್ಯ ಬೇಕೆಂದು ಉತ್ತರ ಕರ್ನಾಟಕದ ಬಂದ್‌ಗಳು ಆಗುತ್ತಿದ್ದವು. ಬಂದ್ ಅಂದರೆ ನಮಗೆ ಶಾಲೆಗೆ ರಜೆ. ಅಂಗಡಿಯವರು ಅರ್ಧ ಶಟರ್ ಎಳೆದು ಒಳಗೆ ಚಹಾ ಕುಡಿಯುತ್ತಿದ್ದರು, ಚೌಕದಲ್ಲಿ ಒಂದೆರಡು ಟಯರು ಸುಟ್ಟು, ಸಂಜೆಗೆ ಎಲ್ಲ ಮುಗಿಯುತ್ತಿತ್ತು. ಇದನ್ನು ಹೇಳಿದಾಗ ಒಬಿನ್ನ, ನಿಮ್ಮ ಸರಕಾರ ಸಿಟ್ಟಾಗಲಿಲ್ಲವೇ ಎಂದು ಕೇಳಿದ. ಸರಕಾರಕ್ಕೆ ನಮ್ಮ ಕಡೆ ನೋಡಲು ಪುರುಸೊತ್ತು ಎಲ್ಲಿತ್ತು ಎಂದೆ. ಅವನು, ನೀವು ಪುಣ್ಯವಂತರು ಎಂದ.

ಒಂದು ಸೋಮವಾರ ನಾನು ಕೆಲಸಕ್ಕೆ ಹೊರಡುವಾಗ ಎನ್‌ಗೋಜಿ ನಮ್ಮ ಬಾಗಿಲಿಗೆ ಬಂದಳು. ಕಾಲಲ್ಲಿ ಮನೆಯ ಚಪ್ಪಲಿಯೇ ಇತ್ತು. ಬೆಳಿಗ್ಗೆ ತಾಯಿಗೆ ಉಬ್ಬಸ ಏರಿತ್ತಂತೆ. ಎದುರು ರಸ್ತೆಯ ಔಷಧದವನು ಹಿಂಬಾಗಿಲಿನಿಂದ ಕೊಡುತ್ತಾನೆಂದು ಒಬಿನ್ನ ಹೊರಟ. ರಸ್ತೆ ದಾಟುವಷ್ಟರಲ್ಲಿ ಸೈನಿಕರ ಗಾಡಿ ಬಂತು. ಖಾಲಿ ಬೀದಿಯಲ್ಲಿ ಒಬ್ಬನೇ ಗಂಡುಮಗ. ಎರಡೂ ಕೈ ಮೇಲೆತ್ತಿಸಿ, ನಡೆಸಿಕೊಂಡು ಹೋಗಿ ಗಾಡಿ ಹತ್ತಿಸಿದ್ದನ್ನು ಕಿಟಕಿಗಳಿಂದ ಇಡೀ ಬೀದಿ ನೋಡಿತ್ತು. ಹೊರಗೆ ಬರುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಬಾಯಿಂದ ಬಂದದ್ದು ಎನ್‌ಡೊ ಒಂದೇ. ಅವಳು ನನ್ನ ಹೆಗಲಿಗೆ ಹಣೆ ಹಚ್ಚಿ ನಿಂತಳು.

ಆಮೇಲಿನ ವಾರಗಳು ಫೋನಿನಲ್ಲೇ ಕಳೆದವು. ಪೊಲೀಸರು ನಮ್ಮಲ್ಲಿಲ್ಲ ಎಂದರು, ಸೈನಿಕರು ನಮಗೆ ಗೊತ್ತಿಲ್ಲ ಎಂದರು. ತಾಯಿಯ ಉಬ್ಬಸ ಇಳಿಯಿತು, ಮಗ ಬರಲಿಲ್ಲ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಎನ್‌ಗೋಜಿಗೆ ಫೋನಿನದೇ ಧ್ಯಾನ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಫೋನು ನೋಡುತ್ತಿದ್ದಳು, ಹಸಿರು ಬಿದ್ದರೆ ಹೊರಡು ಎಂದು ಹೇಳುವುದು ನನ್ನ ಕೆಲಸ.

ಇಲ್ಲಿನ ಇಗ್ಬೊ ಜನ ವಾಷಿಂಗ್ಟನ್ನಿನಲ್ಲಿ ಮೆರವಣಿಗೆ ತೆಗೆಯುತ್ತಾರೆಂದು ತಿಳಿದಾಗ ಎನ್‌ಗೋಜಿ ನನ್ನನ್ನು ಕರೆಯಲೂ ಇಲ್ಲ. ನಾನೇ ಬರುತ್ತೇನೆಂದೆ. ಕೆಳಗಿನ ಮನೆಯ ಸ್ಮಿತಾ, ಬೆಂಗಳೂರಿನ ಹುಡುಗಿ, ನಿಜವಾದ ಕಾಳಜಿಯಿಂದಲೇ ಹೇಳಿದಳು: "ಆಂಟಿ, ನಿಮ್ದು ಗ್ರೀನ್ ಕಾರ್ಡ್ ಪ್ರೋಸೆಸ್ ಆಗ್ತಿದೆ. ಯಾರಾದ್ರೂ ಫೋಟೋ ತೆಗ್ದು ಪೋಸ್ಟ್ ಮಾಡಿದ್ರೆ? ಅವರ ಪಾಲಿಟಿಕ್ಸ್ ನಮಗ್ಯಾಕೆ, ಹೇಳಿ." ತಪ್ಪು ಮಾತಲ್ಲ ಅದು. ಇಲ್ಲಿ ನಮ್ಮವರೆಲ್ಲ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯದ ಹಾಗೆ ಬದುಕುತ್ತೇವೆ. ನನ್ನ ಗಂಡ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಬೂಟು ಹಾಕಿಕೊಳ್ಳುತ್ತ ಅಂದರು: "ನೀ ಹೋಗಾಕಿ ಅನ್ನೂದು ನನಗ ಗೊತ್ತೈತಿ. ಮೆಟ್ರೊತನಕ ಬಿಡ್ತೀನಿ. ಫೋಟೊದಾಗ ಮಾತ್ರ ಬರಬ್ಯಾಡ."

ಫೋಟೊದಲ್ಲಿ ಬಂದೆ. ಬಾರದೆ ಇರಲು ನಾನೇನು ಸಣ್ಣ ಹೆಂಗಸೇ?

ಅವತ್ತು ಸಂಜೆ ವಾಪಸಾಗುವಾಗ ರೈಲಿನಲ್ಲಿ ಎನ್‌ಗೋಜಿ ಒಬಿನ್ನನ ಫೋಟೊ ಅಂಟಿಸಿದ ರಟ್ಟನ್ನು ಮಂಡಿಯ ಮೇಲೆ ಮಗುಚಿ ಇಟ್ಟುಕೊಂಡಿದ್ದಳು. ಬಾವುಟ ಮಡಚಿ ಚೀಲದೊಳಗೆ ಹೋಗಿತ್ತು. ರಸ್ತೆಯ ನಡುವೆ ಯಾಕೆ ನಿಂತೆ ಎಂದು ನಾನು ಕೇಳಿರಲಿಲ್ಲ, ಅವಳೇ ಹೇಳಿದಳು.

"ಅವನೂ ರಸ್ತೆ ದಾಟುತ್ತಿದ್ದ, ಸಿಸ್ಟರ್. ಅಷ್ಟೇ ಮಾಡಿದ್ದು."

ಕಿಟಕಿಯ ಕಡೆ ನೋಡುತ್ತ ಮತ್ತೆ ಹೇಳಿದಳು. "ಅವರೆಲ್ಲ ದೇಶ ಬೇಕು ಅಂತ ಕೂಗಿದರು, ನಾನೂ ಕೂಗಿದೆ. ನನಗೆ ಹೊಸ ದೇಶ ಬೇಕೋ ಬೇಡವೋ ಗೊತ್ತಿಲ್ಲ. ನನಗೆ ನನ್ನ ತಮ್ಮ ಬೇಕು."

ತಿಂಗಳುಗಳಾದ ಮೇಲೆ ಒಬ್ಬ ವಕೀಲ ಅವನನ್ನು ರಾಜಧಾನಿಯ ಒಂದು ಬಂದೀಖಾನೆಯಲ್ಲಿ ಕಂಡ. ಜೀವಂತವಾಗಿದ್ದ, ಸೊರಗಿದ್ದ. ನಿಷೇಧಿತ ಸಂಘಟನೆಯವನು ಎಂಬ ಆಪಾದನೆ. ವಿಚಾರಣೆಯ ದಿನ ನ್ಯಾಯಾಧೀಶರು ಬರಲಿಲ್ಲ. ಮುಂದಿನ ಸಲ ಸಾಕ್ಷಿ ಬರಲಿಲ್ಲ. ಅದರ ಮುಂದಿನ ಸಲ ಕೈದಿಯನ್ನೇ ಕರೆತರಲಿಲ್ಲ. ಮೊದಮೊದಲು ನಾವು ಪ್ರತಿ ತಾರೀಖಿಗೂ ಆಸೆ ಇಟ್ಟುಕೊಳ್ಳುತ್ತಿದ್ದೆವು. ಈಗ ಅದಕ್ಕೂ ಕಸುವಿಲ್ಲ.

ಈ ನಡುವೆ ನಾನು ಕಾರು ಓಡಿಸಲು ಕಲಿತೆ. ಕಲಿಸಿದವಳು ಎನ್‌ಗೋಜಿಯೇ. ಲೈಸೆನ್ಸು ಕೈಗೆ ಬಂದ ದಿನ ಡೇ ಕೇರಿನ ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ಗ್ರೀನ್ ಕಾರ್ಡೂ ಬಂತು, ಮೆರವಣಿಗೆಯ ಫೋಟೊವನ್ನು ಯಾರೂ ಕೇಳಲಿಲ್ಲ. ಎನ್‌ಗೋಜಿ ಈಗ ಸೋಮವಾರವೂ ಕೆಲಸಕ್ಕೆ ಬರುತ್ತಾಳೆ. ಮನೆಯಲ್ಲಿದ್ದರೆ ಆ ಫೋನನ್ನು ಒಲೆಯ ಪಕ್ಕ ಇಡಬೇಕಾಗುತ್ತದೆ, ಅದರಲ್ಲಿ ಅವ್ವ ಒಬ್ಬಳೇ ಕಾಣುತ್ತಾಳೆ ಎಂದಳು. ಅವತ್ತಿನಿಂದ ನಾನು ಸೋಮವಾರದ ಒಪ್ಪತ್ತು ಹಿಡಿದೆ. ಇಲ್ಲಿಗೆ ಬಂದ ಮೇಲೆ ಬಿಟ್ಟೇಬಿಟ್ಟಿದ್ದ ವ್ರತ. ಅವಳಿಗೆ ಹೇಳಲಿಲ್ಲ. ಮಧ್ಯಾಹ್ನ ನಾನು ಬರೀ ನೀರು ಕುಡಿಯುವುದನ್ನು ಒಂದೆರಡು ವಾರ ನೋಡಿದಳು. ಮೂರನೆಯ ವಾರ ತಾನೂ ಡಬ್ಬಿ ಮುಚ್ಚಿ ಆಚೆ ಇಟ್ಟಳು. ಸಂಜೆ ನಮ್ಮ ಮನೆಯಲ್ಲಿ ಇಬ್ಬರೂ ಅದೇ ಸಾಬೂದಾನಿ ತಿನ್ನುತ್ತೇವೆ.

ವಿಜಯಪುರದಲ್ಲಿ ಅಕ್ಕನ ಮನೆಯಲ್ಲಿರುವ ಅವ್ವನಿಗೆ ಇದು ಹೇಗೋ ಗೊತ್ತಾಯಿತು. ಯಾರ ಸಲುವಾಗಿ ಹಿಡಿದದ್ದು ಎಂದು ಫೋನಿನಲ್ಲಿ ಕೇಳಿದಳು. ತಮ್ಮನ ಸಲುವಾಗಿ ಎಂದೆ. ನನಗೆ ತಮ್ಮನಿಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲ್ಲ ಕಥೆ ಹೇಳಿದೆ. ಅವ್ವ ಬಾಯಲ್ಲಿ ಲೊಚ್ಚೆಂದಳು. ಹೆಸರು ಕೇಳಿ, ಒಂದೆರಡು ಸಲ ತಾನೇ ಹೇಳಿಕೊಂಡು ಫೋನಿಟ್ಟಳು.

ಮುಂದಿನ ಸೋಮವಾರ ಸಿದ್ಧೇಶ್ವರನ ಗುಡಿಗೆ ಹೋಗಿ ಅವನ ಹೆಸರಿನಲ್ಲಿ ಅಭಿಷೇಕ ಮಾಡಿಸಿದಳಂತೆ. ಪೂಜಾರಿ, ಇದ್ಯಾವ ಹೆಸರಬೇ ಯಮ್ಮಾ, ಯಾರ ಪೈಕಿ ಎಂದು ಕೇಳಿದ್ದಾನೆ. ಅವ್ವ ಹೇಳಿದ್ದನ್ನು ಅಕ್ಕ ನನಗೆ ಫೋನಿನಲ್ಲಿ ಹಾಗೆಯೇ ಹೇಳಿದಳು: "ನಮ್ಮ ಹುಡುಗನ ಅದಾನೋ ಯಪ್ಪಾ. ಔಷಧ ತರಾಕ ಹೋದಾಂವ ಇನ್ನೂ ಮನಿಗೆ ಬಂದಿಲ್ಲ."

ಕಾರಿನಲ್ಲಿ ಇದನ್ನು ಎನ್‌ಗೋಜಿಗೆ ಹೇಳಿದೆ. ನಾನು ಓಡಿಸುತ್ತಿದ್ದೆ, ಸಿಗ್ನಲ್ಲು ಕೆಂಪಿತ್ತು. ಅವಳು ತನ್ನ ಫೋನನ್ನು ನನ್ನ ಕೈಗಿಟ್ಟಳು. ಆ ಊರು ಎಲ್ಲಿದೆ, ನನಗೆ ತೋರಿಸು ಎಂದಳು. ಫೋನಿನ ಭೂಪಟದಲ್ಲಿ ವಿಜಯಪುರ ಹುಡುಕಿ ಕೊಟ್ಟೆ. ಅವಳು ಅದನ್ನು ಬೆರಳಲ್ಲಿ ಸರಿಸುತ್ತ ಸರಿಸುತ್ತ ಓನಿಚದ ತನಕ ಹೋದಳು, ಅಲ್ಲಿಂದ ನಾವು ನಿಂತಿದ್ದ ರಸ್ತೆಗೆ ಬಂದಳು. ನಾನೂ ಅದನ್ನೇ ನೋಡುತ್ತ ಕೂತುಬಿಟ್ಟಿದ್ದೆ. ಹಸಿರು ಬಿದ್ದಿದೆ, ಹೊರಡು ಎಂದು ಈ ಸಲ ಅವಳು ಹೇಳಬೇಕಾಯಿತು.